ಬಾಡಿಗೆ ಸರ್ವರ್ ತಗೊಂಡಿದ್ದೀರಾ? ಮೊದಲು ಬಾಗಿಲು ನೋಡಿ

ತಿಂಗಳಿಗೆ ₹500 ಆಸುಪಾಸು ಕೊಟ್ಟರೆ ಒಂದು ಪುಟ್ಟ ಸರ್ವರ್, ಅಂದರೆ ದೂರದ ಡೇಟಾ ಸೆಂಟರ್‌ನಲ್ಲಿರುವ ಕಂಪ್ಯೂಟರ್, ಬಾಡಿಗೆಗೆ ಸಿಗುತ್ತದೆ. 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್, ಅಷ್ಟೇ. ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಇದಕ್ಕಿಂತ ಜಾಸ್ತಿ ಮೆಮೊರಿ ಇರುತ್ತದೆ. ಆದರೆ ಈ ಸರ್ವರ್ ಹಗಲೂ ರಾತ್ರಿ ಓಡುತ್ತದೆ, ಎಲ್ಲಿಂದ ಬೇಕಾದರೂ ತಲುಪಬಹುದಾದ ಸ್ವಂತ ವಿಳಾಸ ಅದಕ್ಕಿರುತ್ತದೆ, ಒಳಗೆ ಏನಿರಬೇಕು ಏನಿರಬಾರದು ಅನ್ನೋದು ಪೂರ್ತಿ ನಿಮ್ಮ ಇಷ್ಟ. ಮನೆಯ ಇಂಟರ್ನೆಟ್‌ನಲ್ಲಿ ಇದನ್ನು ಮಾಡುವುದು ಕಷ್ಟ, ಯಾಕೆಂದರೆ ಅಲ್ಲಿ ಎಷ್ಟೋ ಸಲ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ನೀವೇ ಬರೆದ ನಾಲ್ಕು ಸಾಲಿನ ಪುಟ, ನೀವೇ ಜೋಡಿಸಿದ ಸರ್ವರ್‌ನಿಂದ ಹೊರಟು ಧಾರವಾಡದಲ್ಲಿರುವ ತಂಗಿಯ ಫೋನಿನಲ್ಲಿ ತೆರೆದುಕೊಂಡಾಗ ಆಗುವ ಖುಷಿಯೇ ಬೇರೆ.

ಈ ಖುಷಿ ಮೊದಲ ವಾರವೇ ಕೆಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಕೆಡುವುದು ಹೆಚ್ಚಾಗಿ ಎರಡೇ ರೀತಿ. ಬಾಗಿಲು ತೆರೆದೇ ಬಿಟ್ಟಿರುತ್ತಾರೆ, ಯಾರೋ ಒಳಗೆ ಬಂದು ಕ್ರಿಪ್ಟೊ ಮೈನಿಂಗ್ ಶುರು ಮಾಡುತ್ತಾರೆ. ಇಲ್ಲವೇ ಬಾಗಿಲು ಭದ್ರ ಮಾಡಲು ಹೋಗಿ ತಾವೇ ಹೊರಗೆ ಉಳಿಯುತ್ತಾರೆ. ಹಾಗಾಗಿ ಒಟ್ಟು ಆರು ಹೆಜ್ಜೆಗಳಲ್ಲಿ, ಬಾಗಿಲಿನ ಬಗ್ಗೆ ಇರುವ ಮೂರನೆಯದನ್ನು ಇಲ್ಲಿ ಉದ್ದಕ್ಕೆ ಹೇಳುತ್ತೇನೆ. ಉಳಿದದ್ದು ಸಲೀಸು.

ಹೆಜ್ಜೆ 1: ಎಲ್ಲಿ ಬಾಡಿಗೆಗೆ ಹಿಡಿಯಬೇಕು?

ನಿಮ್ಮ ಪುಟ ಓದುವವರು ಎಲ್ಲಿದ್ದಾರೋ ಅಲ್ಲಿ. ಡಿಜಿಟಲ್‌ಓಷನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ, ಅಮೆಜಾನ್ ಮತ್ತು ಲಿನೋಡ್ ಮುಂಬೈಯಲ್ಲಿವೆ. ಜರ್ಮನಿಯ ಹೆಟ್ಸ್‌ನರ್ ಅದೇ ದುಡ್ಡಿಗೆ ಜಾಸ್ತಿ ಮೆಮೊರಿ ಕೊಡುತ್ತದೆ, ನಿಜ. ಆದರೆ ಇಲ್ಲಿಂದ ಜರ್ಮನಿಗೆ ಹೋಗಿ ಬರಲು ಪ್ರತಿ ಸಲವೂ 100 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿಯುತ್ತದೆ, ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ) ಒತ್ತಿದ ಅಕ್ಷರ ಒಂದು ಕ್ಷಣ ತಡವಾಗಿ ಮೂಡುತ್ತದೆ. ಕಲಿಯುವಾಗ ಇದು ತುಂಬಾ ಕಿರಿಕಿರಿ. ಮೊದಲ ಸರ್ವರ್ ಬೆಂಗಳೂರು ಅಥವಾ ಮುಂಬೈಯಲ್ಲೇ ಇರಲಿ. ನ್ಯೂಜೆರ್ಸಿಯ ಕನ್ನಡ ಸಂಘಕ್ಕೆ ಸೈಟ್ ಮಾಡುತ್ತಿದ್ದರೆ ಮಾತ್ರ ನ್ಯೂಯಾರ್ಕ್ ಆರಿಸಿ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಲ್ಲಿದೆ, ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗಬೇಕಾದರೆ ಮೊದಲೇ ಅನುಮತಿ ದಾಖಲಾಗಿರಬೇಕು. ಹೊರದೇಶದ ಕಂಪನಿಗಳ ಬಿಲ್ ಇದರಿಂದ ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಬಿಲ್ ಬಾಕಿ ಉಳಿದರೆ ಮೊದಲು ಸರ್ವರ್ ನಿಲ್ಲಿಸುತ್ತಾರೆ, ಆಮೇಲೆ ಅಳಿಸುತ್ತಾರೆ. ಮುಂಗಡವಾಗಿ ಹಣ ತುಂಬುವ ಸೌಲಭ್ಯ ಇದ್ದರೆ ಮೂರು ತಿಂಗಳಿನದ್ದು ತುಂಬಿಬಿಡಿ. ಸೈನ್ ಅಪ್ ಮಾಡುವಾಗ ಹೆಸರು, ವಿಳಾಸ, ಫೋನ್ ನಂಬರ್ ಕೇಳಿದರೆ ಗಾಬರಿ ಬೇಡ. ಸರ್ವರ್ ಬಾಡಿಗೆ ಕೊಡುವವರು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಂಡಿರಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಆದೇಶ ಮಾಡಿದೆ.

‘ಒಂದೇ ಸಲ ದುಡ್ಡು ಕಟ್ಟಿ, ಜೀವನಪೂರ್ತಿ ಸರ್ವರ್’ ಅನ್ನುವ ಜಾಹೀರಾತುಗಳ ಕಡೆ ತಲೆ ಹಾಕಲೇಬೇಡಿ. ಕರೆಂಟ್ ಬಿಲ್ ತಿಂಗಳು ತಿಂಗಳು ಬರುತ್ತದೆ, ಅವರು ಅದನ್ನು ಎಲ್ಲಿಂದ ಕಟ್ಟುತ್ತಾರೆ ಹೇಳಿ.

ಹೆಜ್ಜೆ 2: ಡೆಬಿಯನ್ ಹಾಕಿ

ಸರ್ವರ್‌ಗೆ ಯಾವ ಆಪರೇಟಿಂಗ್ ಸಿಸ್ಟಂ ಬೇಕು ಅಂತ ಕೇಳುವ ಪಟ್ಟಿಯಲ್ಲಿ ಹತ್ತು ಹೆಸರು ಕಾಣುತ್ತವೆ. ಡೆಬಿಯನ್‌ನ ಸ್ಟೇಬಲ್ ಆವೃತ್ತಿ ಆರಿಸಿ. 13ನೇ ಆವೃತ್ತಿ 2025ರ ಆಗಸ್ಟ್‌ನಲ್ಲಿ ಬಂದಿದೆ. ಉಬುಂಟು 24.04 ಕೂಡ ಪರವಾಗಿಲ್ಲ. ಹೊಸ ಹೊಸ ಸಾಫ್ಟ್‌ವೇರ್ ಬೇಗ ಸಿಗುತ್ತದೆ ಅಂತ ಬೇರೆಯದಕ್ಕೆ ಹೋಗಬೇಡಿ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಎಸ್‌ಎಸ್‌ಎಚ್ (ದೂರದ ಸರ್ವರ್ ಒಳಗೆ ಹೋಗಲು ಬಳಸುವ ಪ್ರೋಗ್ರಾಂ) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಯಾಕಾಯಿತು ಅಂತ ಹುಡುಕುತ್ತಾ ಹೋಗಿ, ಎಕ್ಸ್‌ಝಡ್ ಎಂಬ ಸಣ್ಣ ಲೈಬ್ರರಿಯಲ್ಲಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್‌ನಲ್ಲಿ) ಯಾರೋ ಬೇಕಂತಲೇ ಹುದುಗಿಸಿಟ್ಟಿದ್ದ ಕಳ್ಳದಾರಿ ಪತ್ತೆ ಮಾಡಿದರು. ಅದು 5.6.0 ಮತ್ತು 5.6.1 ಆವೃತ್ತಿಗಳಲ್ಲಿತ್ತು. ಡೆಬಿಯನ್ ಸ್ಟೇಬಲ್‌ಗೆ ಅವು ಇನ್ನೂ ಬಂದೇ ಇರಲಿಲ್ಲ. ನಿಧಾನಕ್ಕೆ ಬದಲಾಗುವ ವ್ಯವಸ್ಥೆ ಸರ್ವರ್‌ಗೆ ಒಳ್ಳೆಯದು.

ಹೆಜ್ಜೆ 3: ಕೀ, ಬೀಗ, ಮತ್ತು ಹೊರಗೆ ಉಳಿಯದಿರುವುದು

ದೂರದ ಸರ್ವರ್‌ಗೆ ಹೋಗುವ ದಾರಿಯೇ ಎಸ್‌ಎಸ್‌ಎಚ್. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ನೋಡುತ್ತಿದ್ದಾರೆ ಅಂತ ಗೊತ್ತಾದಾಗ, ಅಲ್ಲಿದ್ದ ತಾತು ಯಲೋನೆನ್ 1995ರಲ್ಲಿ ಇದನ್ನು ಬರೆದರು. ಅಂದಿನಿಂದ ಇಂದಿನವರೆಗೂ ಇದರ ಬಾಗಿಲು 22ನೇ ಪೋರ್ಟ್. ಅದು ಎಲ್ಲರಿಗೂ ಗೊತ್ತಿರುವುದರಿಂದ, ನಿಮ್ಮ ಸರ್ವರ್ ಎದ್ದ ಸ್ವಲ್ಪ ಹೊತ್ತಿಗೇ ಬಾಟ್‌ಗಳು (ತಾವಾಗಿ ಓಡುವ ಪ್ರೋಗ್ರಾಂಗಳು) ಬಡಿಯಲು ಶುರು ಮಾಡುತ್ತವೆ. ಲಾಗ್, ಅಂದರೆ ಸರ್ವರ್ ಬರೆದಿಡುವ ದಾಖಲೆ, ತೆರೆದು ನೋಡಿ: ರೂಟ್, ಅಡ್ಮಿನ್, ಟೆಸ್ಟ್, ಪೋಸ್ಟ್‌ಗ್ರೆಸ್ ಅಂತ ಒಂದಾದ ಮೇಲೊಂದು ಹೆಸರು ಹಾಕಿ ಪಾಸ್‌ವರ್ಡ್ ಊಹೆ ಮಾಡುತ್ತಲೇ ಇರುತ್ತವೆ. ಹೆದರಬೇಡಿ, ಆದರೆ ಪಾಸ್‌ವರ್ಡ್ ಲಾಗಿನ್ ಮುಚ್ಚಲೇಬೇಕು. ಅದಕ್ಕೆ ಕೀ ಜೋಡಿ ಬೇಕು.

ಜೋಡಿಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡಿ, ಸರ್ವರ್‌ನಲ್ಲಲ್ಲ. ಇದನ್ನು ಉಲ್ಟಾ ಮಾಡುವವರು ಬಹಳ ಜನ. ವಿಂಡೋಸ್ 10, 11ರಲ್ಲಿ ಎಸ್‌ಎಸ್‌ಎಚ್ ಈಗ ಜೊತೆಗೇ ಬರುತ್ತದೆ, ಅದಕ್ಕೆಂದೇ ಬೇರೆ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಕಾಲ ಮುಗಿಯಿತು. ಎಸ್‌ಎಸ್‌ಎಚ್-ಕೀಜೆನ್ (ssh-keygen) ಕಮಾಂಡ್ ಕೊಡಿ, ಕೀಯ ಬಗೆ ಇಡಿ25519 (ed25519) ಇರಲಿ, ಪಾಸ್‌ಫ್ರೇಸ್ (ಕೀಯನ್ನೇ ಕಾಯುವ ಪಾಸ್‌ವರ್ಡ್) ಕೇಳಿದಾಗ ಸುಮ್ನೆ ಎಂಟರ್ ಒತ್ತಿ ಮುಂದೆ ಹೋಗಬೇಡಿ. ಎರಡು ಫೈಲ್ ಹುಟ್ಟುತ್ತವೆ. ಹೆಸರಿನ ಕೊನೆಗೆ ‘ಪಬ್’ (pub) ಅಂತ ಇರುವುದು ಬೀಗ, ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ‘ಪಬ್’ ಇಲ್ಲದ್ದು ಬೀಗದ ಕೈ, ಅದು ಲ್ಯಾಪ್‌ಟಾಪ್ ಬಿಟ್ಟು ಎಲ್ಲೂ ಹೋಗಬಾರದು, ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವುದೂ ಬೇಡ.

ಸರ್ವರ್ ಹುಟ್ಟಿಸುವ ಪುಟದಲ್ಲೇ ಪಬ್ ಫೈಲಿನ ಸಾಲನ್ನು ಅಂಟಿಸುವ ಜಾಗ ಇರುತ್ತದೆ, ಅಲ್ಲೇ ಹಾಕಿ. ಸರ್ವರ್ ಎದ್ದ ಮೇಲೆ ರೂಟ್ (ಎಲ್ಲ ಅಧಿಕಾರ ಇರುವ ಮೂಲ ಖಾತೆ) ಆಗಿ ಒಳಗೆ ಹೋಗಿ, ನಿಮ್ಮ ಹೆಸರಿನ ಹೊಸ ಬಳಕೆದಾರ ಮಾಡಿ, ಅವನನ್ನು ಸುಡೊ (ಬೇಕಾದಾಗ ರೂಟ್‌ನ ಅಧಿಕಾರ ಕೊಡುವ) ಗುಂಪಿಗೆ ಸೇರಿಸಿ, ರೂಟ್‌ನ ಎಸ್‌ಎಸ್‌ಎಚ್ ಫೋಲ್ಡರನ್ನು ಅವನ ಹೋಮ್ ಫೋಲ್ಡರಿಗೆ ನಕಲು ಮಾಡಿ. ಮೊದಲ ಎಡವಟ್ಟು ಆಗುವುದು ಇಲ್ಲೇ. ನಕಲು ಮಾಡಿದ್ದು ರೂಟ್ ಅಲ್ವಾ, ಹಾಗಾಗಿ ಆ ಫೈಲುಗಳ ಒಡೆಯ ಇನ್ನೂ ರೂಟ್ ಆಗಿಯೇ ಇರುತ್ತಾನೆ. ಆ ಸ್ಥಿತಿಯಲ್ಲಿ ಹೊಸ ಬಳಕೆದಾರನ ಲಾಗಿನ್ ನಡೆಯುವುದಿಲ್ಲ, ‘ಪರ್ಮಿಷನ್ ಡಿನೈಡ್’ ಅಂತ ಒಂದೇ ಸಾಲು ಬರುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಫೋಲ್ಡರ್ ಮತ್ತು ಫೈಲ್ ಎರಡರ ಒಡೆತನವನ್ನೂ ಹೊಸ ಹೆಸರಿಗೆ ಬದಲಿಸಿ. ಫೋಲ್ಡರಿಗೆ 700, ಒಳಗಿನ ಫೈಲಿಗೆ 600 ಅನುಮತಿ ಕೊಡಿ, ಅಂದರೆ ಒಡೆಯನಿಗೆ ಮಾತ್ರ ತೆರೆಯುವಂತೆ.

ಈಗ ಬಹಳ ಮುಖ್ಯವಾದ ಮಾತು. ರೂಟ್ ಆಗಿ ತೆರೆದ ಮೊದಲ ಕಿಟಕಿಯನ್ನು ಮುಚ್ಚಬೇಡಿ. ಎಲ್ಲ ಮುಗಿಯುವವರೆಗೂ ಅದು ಹಾಗೇ ಇರಲಿ. ಎರಡನೇ ಕಿಟಕಿ ತೆರೆದು ಹೊಸ ಹೆಸರಿನಲ್ಲಿ ಒಳಗೆ ಹೋಗಿ, ಸುಡೊ ಹಾಕಿ ಒಂದು ಕಮಾಂಡ್ ಓಡಿಸಿ ನೋಡಿ. ನಡೆಯಿತಾ? ಹಾಗಾದರೆ ಪಾಸ್‌ವರ್ಡ್ ಮುಚ್ಚಬಹುದು.

ಮುಚ್ಚುವುದರಲ್ಲೂ ಒಂದು ಸೂಕ್ಷ್ಮ ಇದೆ. ಹೆಚ್ಚಿನವರು ಎಸ್‌ಎಸ್‌ಎಚ್‌ಡಿಯ (ಸರ್ವರ್ ಕಡೆ ಓಡುವ ಎಸ್‌ಎಸ್‌ಎಚ್ ಪ್ರೋಗ್ರಾಂನ) ಮುಖ್ಯ ಕಾನ್ಫಿಗ್ ಫೈಲ್, ಅಂದರೆ ಸೆಟ್ಟಿಂಗ್ ಫೈಲ್, ತೆರೆದು, ಪಾಸ್‌ವರ್ಡ್-ಅಥೆಂಟಿಕೇಷನ್ ಸಾಲಿಗೆ ‘ನೋ’ ಅಂತ ಬರೆದು, ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸರ್ವರ್‌ಗಳಲ್ಲಿ ಆಗಿರುವುದಿಲ್ಲ. ಆ ಫೈಲಿನ ಶುರುವಿನಲ್ಲೇ, ಪಕ್ಕದ ಫೋಲ್ಡರಿನ ಚೂರು ಫೈಲುಗಳನ್ನೂ ಓದು ಅಂತ ಒಂದು ಸಾಲು ಇರುತ್ತದೆ. ಬಾಡಿಗೆ ಕೊಡುವವರ ಕ್ಲೌಡ್-ಇನಿಟ್ (ಹೊಸ ಸರ್ವರನ್ನು ಮೊದಲ ಸಲ ಸಜ್ಜು ಮಾಡುವ ಪ್ರೋಗ್ರಾಂ) ಆ ಫೋಲ್ಡರಿನಲ್ಲಿ 50 ಅಂತ ಶುರುವಾಗುವ ಫೈಲ್ ಇಟ್ಟು, ಅದರಲ್ಲಿ ‘ಯೆಸ್’ ಅಂತ ಬರೆದಿರುವುದುಂಟು. ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕಿದ ಮಾತೇ ನಿಲ್ಲುತ್ತದೆ, ಕೊನೆಗೆ ಸಿಕ್ಕಿದ್ದಲ್ಲ. ನೀವು ಕೆಳಗೆ ಬರೆದ ‘ನೋ’ ಲೆಕ್ಕಕ್ಕೇ ಬರುವುದಿಲ್ಲ, ಬಾಗಿಲು ತೆರೆದೇ ಇರುತ್ತದೆ. ಅದಕ್ಕೇ ಅದೇ ಫೋಲ್ಡರಿನಲ್ಲಿ 10 ಅಂತ ಶುರುವಾಗುವ ನಿಮ್ಮದೇ ಫೈಲ್ ಮಾಡಿ, ಹೆಸರಿನ ಕ್ರಮದಲ್ಲಿ ಅದನ್ನೇ 50ಕ್ಕಿಂತ ಮೊದಲು ಓದುತ್ತದೆ. ಅದರಲ್ಲಿ ಎರಡು ಸಾಲು ಸಾಕು: ಪಾಸ್‌ವರ್ಡ್ ಲಾಗಿನ್ ನೋ, ರೂಟ್ ಲಾಗಿನ್ ನೋ.

ಆಮೇಲೆ ಎಸ್‌ಎಸ್‌ಎಚ್‌ಡಿಗೆ ಸಣ್ಣ ‘ಟಿ’ ಹಾಕಿ ಓಡಿಸಿ, ಕಾನ್ಫಿಗ್‌ನಲ್ಲಿ ಅಕ್ಷರ ತಪ್ಪಿದ್ದರೆ ಹೇಳುತ್ತದೆ. ದೊಡ್ಡ ‘ಟಿ’ ಹಾಕಿದರೆ ನಿಜಕ್ಕೂ ಜಾರಿಯಾಗುವ ಪಟ್ಟಿಯನ್ನೇ ತೋರಿಸುತ್ತದೆ, ಅದರಲ್ಲಿ ‘ನೋ’ ಕಾಣಬೇಕು. ಕಂಡ ಮೇಲೆ ರೀಲೋಡ್ ಮಾಡಿ. ತೆರೆದಿರುವ ಕಿಟಕಿಗಳು ರೀಲೋಡ್‌ಗೆ ಕಡಿದು ಹೋಗುವುದಿಲ್ಲ, ನಮ್ಮನ್ನು ಕಾಪಾಡುವುದು ಅದೇ. ಮೂರನೇ ಕಿಟಕಿಯಿಂದ ಮತ್ತೆ ಲಾಗಿನ್ ಮಾಡಿ. ಇನ್ನೊಂದು ಸಲ, ಕೀ ಬಳಸಬೇಡ ಅಂತ ಹೇಳಿ ಪ್ರಯತ್ನಿಸಿ. ಪಾಸ್‌ವರ್ಡ್ ಕೇಳದೆ ನೇರ ಹೊರಗೆ ಹಾಕಿದರೆ ಬೀಗ ಬಿದ್ದಿದೆ.

ಪೋರ್ಟ್ ನಂಬರ್ 22ರಿಂದ 2222ಕ್ಕೆ ಬದಲಿಸಿ ಅಂತ ಬಹಳ ಕಡೆ ಹೇಳುತ್ತಾರೆ. ಲಾಗ್‌ನಲ್ಲಿ ಗಲಾಟೆ ಕಡಿಮೆಯಾಗುತ್ತದೆ, ಅಷ್ಟೇ. ನಾನು ಬದಲಿಸುವುದಿಲ್ಲ.

ಫೈರ್‌ವಾಲ್‌ಗೆ, ಅಂದರೆ ಯಾವ ಪೋರ್ಟ್‌ಗೆ ಹೊರಗಿನವರು ಬರಬಹುದು ಅಂತ ಕಾಯುವ ಕಾವಲಿಗೆ, ಯುಎಫ್‌ಡಬ್ಲ್ಯೂ (ufw) ಹಾಕಿ. ಕ್ರಮ ಮುಖ್ಯ: ಮೊದಲು ಎಸ್‌ಎಸ್‌ಎಚ್‌ಗೆ ಅನುಮತಿ, ಆಮೇಲೆ ವೆಬ್‌ಸೈಟಿನ ಪೋರ್ಟ್‌ಗಳಾದ 80, 443, ಕೊನೆಗೆ ‘ಎನೇಬಲ್’. ಮೊದಲೇ ಎನೇಬಲ್ ಒತ್ತಿದರೆ ನೀವು ಹೊರಗೆ. ಹಾಗೆ ಆದಾಗ ಉಳಿಯುವುದು ಬಾಡಿಗೆ ಕೊಟ್ಟವರ ವೆಬ್‌ಸೈಟಿನಲ್ಲಿರುವ ಕನ್ಸೋಲ್ ಒಂದೇ. ಅದು ತೆರೆಯುತ್ತದೆಯೇ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ. ಅಲ್ಲಿ ಪಾಸ್‌ವರ್ಡ್ ಬೇಕಾಗುತ್ತದೆ, ಆದ್ದರಿಂದ ನಿಮ್ಮ ಬಳಕೆದಾರನಿಗೆ ಉದ್ದನೆಯ ಒಂದು ಪಾಸ್‌ವರ್ಡ್ ಇರಲೇಬೇಕು.

ಡಾಕರ್ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಸಾಧನ) ಬಳಸುವವರಿಗೆ ಇನ್ನೊಂದು ಮಾತು. ಡಾಕರ್ ಹೊರಗೆ ತೆರೆಯುವ ಪೋರ್ಟ್‌ಗಳು ಯುಎಫ್‌ಡಬ್ಲ್ಯೂ ಮಾತು ಕೇಳುವುದಿಲ್ಲ, ಅದು ತನ್ನದೇ ನಿಯಮ ಬರೆದುಕೊಳ್ಳುತ್ತದೆ. ಫೈರ್‌ವಾಲ್ ಇದೆ ಅಂದುಕೊಂಡು ಡೇಟಾಬೇಸನ್ನು ಊರಿಗೆಲ್ಲ ತೆರೆದಿಟ್ಟವರಿದ್ದಾರೆ. ಪೋರ್ಟ್ ಮುಂದೆ 127.0.0.1 ಸೇರಿಸಿ ಬರೆಯಿರಿ, ಆಗ ಅದು ಸರ್ವರ್ ಒಳಗಿನಿಂದ ಮಾತ್ರ ತೆರೆಯುತ್ತದೆ.

ಹೆಜ್ಜೆ 4: ಅಪ್‌ಡೇಟ್

ಅಪ್‌ಡೇಟ್‌ಗಳನ್ನು ತಾನೇ ಹಾಕಿಕೊಳ್ಳುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಹಾಕಿ, 1 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಮಾಡಿ, ಭಾರತದ ಸಮಯಕ್ಕೆ ಟೈಮ್‌ಝೋನ್ ಕೋಲ್ಕತ ಇಡಿ. ಮುಗಿಯಿತು.

ಹೆಜ್ಜೆ 5: ಹೆಸರು ಮತ್ತು ಸೈಟ್

ಡೊಮೇನ್ (ಸೈಟಿನ ಹೆಸರು) ಕೊಂಡು, ಡಿಎನ್‌ಎಸ್‌ನಲ್ಲಿ, ಅಂದರೆ ಯಾವ ಹೆಸರಿಗೆ ಯಾವ ಐಪಿ ಅಂತ ಹೇಳುವ ಪಟ್ಟಿಯಲ್ಲಿ, ಅದರ ‘ಎ’ ರೆಕಾರ್ಡ್‌ಗೆ ಸರ್ವರ್‌ನ ಐಪಿ ಬರೆಯಿರಿ. ಅದು ಹರಡಿದ ಮೇಲೆ ಕ್ಯಾಡಿ ಎಂಬ ವೆಬ್ ಸರ್ವರ್ ಹಾಕಿ. ಎಂಜಿನ್‌ಎಕ್ಸ್ ಕೂಡ ಒಳ್ಳೆಯದೇ, ಆದರೆ ಮೊದಲ ಸಲಕ್ಕೆ ನನ್ನ ಮತ ಕ್ಯಾಡಿಗೇ, ಯಾಕೆಂದರೆ ಅದು ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಕಡೆಯಿಂದ ಸರ್ಟಿಫಿಕೇಟ್ (ಸೈಟಿಗೆ ಸುರಕ್ಷಿತ ಸಂಪರ್ಕ ಕೊಡುವ ಎಸ್‌ಎಸ್‌ಎಲ್ ಪ್ರಮಾಣಪತ್ರ) ಪುಕ್ಕಟೆಯಾಗಿ ತಾನೇ ತರುತ್ತದೆ, ಅವಧಿ ಮುಗಿಯುವ ಮೊದಲೇ ತಾನೇ ಹೊಸದು ಮಾಡಿಕೊಳ್ಳುತ್ತದೆ. ಕಾನ್ಫಿಗ್ ಮೂರು ಸಾಲು. ಡೊಮೇನ್ ಮಾರುವವರು ವರ್ಷಕ್ಕೆ ಸಾವಿರಾರು ರೂಪಾಯಿಗೆ ಎಸ್‌ಎಸ್‌ಎಲ್ ಮಾರಲು ನೋಡುತ್ತಾರೆ, ನಿಮ್ಮ ಬ್ಲಾಗಿಗೆ ಅದು ಖಂಡಿತ ಬೇಡ. ಡಿಎನ್‌ಎಸ್ ಸರಿಯಾಗುವ ಮೊದಲೇ ಕ್ಯಾಡಿ ಓಡಿಸಬೇಡಿ, ಪ್ರಯತ್ನ ಪದೇ ಪದೇ ಸೋತರೆ ಲೆಟ್ಸ್ ಎನ್‌ಕ್ರಿಪ್ಟ್ ಸ್ವಲ್ಪ ಹೊತ್ತು ಕಾಯಿಸುತ್ತದೆ.

ಇದೇ ಸರ್ವರ್‌ನಲ್ಲಿ ಇಮೇಲ್ ಕೂಡ ಇಟ್ಟುಕೊಳ್ಳೋಣ ಅನ್ನಿಸುತ್ತದೆ. ಬೇಡ. ಬಹಳ ಕಂಪನಿಗಳು ಇಮೇಲ್ ಹೋಗುವ 25ನೇ ಪೋರ್ಟ್ ಮುಚ್ಚಿರುತ್ತವೆ, ತೆರೆದಿದ್ದರೂ ನಿಮ್ಮ ಪತ್ರ ಸ್ಪ್ಯಾಮ್‌ಗೆ ಬೀಳುವುದೇ ಜಾಸ್ತಿ.

ಹೆಜ್ಜೆ 6: ಬ್ಯಾಕಪ್ ಬೇರೆ ಕಡೆ

ಬಾಡಿಗೆ ಕೊಟ್ಟವರ ಸ್ನ್ಯಾಪ್‌ಶಾಟ್ (ಇಡೀ ಸರ್ವರ್‌ನ ನಕಲು) ಅನುಕೂಲವೇ. ಅದೊಂದನ್ನೇ ನಂಬಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಕಟ್ಟಡ ಬೆಂಕಿಗೆ ಪೂರ್ತಿ ಹೋಯಿತು. ಬ್ಯಾಕಪ್ ಕೂಡ ಅಲ್ಲೇ ಇದ್ದವರಿಗೆ ಏನೂ ಉಳಿಯಲಿಲ್ಲ. ರೆಸ್ಟಿಕ್ ಎಂಬ ಬ್ಯಾಕಪ್ ಪ್ರೋಗ್ರಾಂ ಹಾಕಿ ಇನ್ನೊಂದು ಕಂಪನಿಯ ಸ್ಟೋರೇಜ್‌ಗೋ ಮನೆಯ ಡಿಸ್ಕ್‌ಗೋ ದಿನಾ ರಾತ್ರಿ ಕಳಿಸಿ. ತಿಂಗಳಿಗೊಮ್ಮೆ ಒಂದು ಫೈಲ್ ವಾಪಸ್ ತೆಗೆದು, ತೆರೆಯುತ್ತದಾ ಅಂತ ನೋಡಿ.

ಇಲ್ಲಿಂದ ಮುಂದೆ ಬರೀ ಖುಷಿ. ಬೆಳಿಗ್ಗೆ ಕಾಫಿ ಹಿಡಿದು ಲಾಗ್ ಓದುವುದು, ಎಚ್‌ಟಾಪ್‌ನಲ್ಲಿ ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ನೋಡಿ ಬೇಡದ್ದನ್ನು ಕಿತ್ತು ಹಾಕುವುದು, ಹತ್ತು ಸುದ್ದಿತಾಣಗಳ ಫೀಡ್ ಒಂದೇ ಕಡೆ ಓದಲು ಫ್ರೆಶ್‌ಆರ್‌ಎಸ್‌ಎಸ್ ಹಾಕುವುದು. ಫೋಟೊಗಳಿಗೆ ನೆಕ್ಸ್ಟ್‌ಕ್ಲೌಡ್ ಬೇಕಾದರೆ 1 ಜಿಬಿ ಸಾಲುವುದಿಲ್ಲ, 2 ಜಿಬಿಗೆ ಏರಿ. ಕೊಟ್ಟ ಪ್ರತಿ ಕಮಾಂಡನ್ನೂ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಸ್ವಲ್ಪ ದಿನ ಬಿಟ್ಟು ಅದನ್ನೇ ನೋಡಿಕೊಂಡು ಇನ್ನೊಂದು ಸರ್ವರನ್ನು ಸೊನ್ನೆಯಿಂದ ಕಟ್ಟಿ. ಬಾಡಿಗೆ ಗಂಟೆ ಲೆಕ್ಕದಲ್ಲಿರುವ ಕಡೆ ಒಂದು ಸಂಜೆಗೆ ಕೆಲವೇ ರೂಪಾಯಿ. ಆಟ ಮುಗಿದ ಮೇಲೆ ಆ ಎರಡನೆಯದನ್ನು ಆಫ್ ಮಾಡಿ ಸುಮ್ಮನಾಗಬೇಡಿ, ಡಿಲೀಟ್ ಮಾಡಿ. ಆಫ್ ಆಗಿದ್ದರೂ ಸಾಮಾನ್ಯವಾಗಿ ಬಾಡಿಗೆ ಓಡುತ್ತಲೇ ಇರುತ್ತದೆ.