ಹಳೇ ಕುಂಡ ತೊಳೆಯುವುದು ಹೇಗೆ? ಮೊದಲು, ಯಾವುದನ್ನು ತೊಳೆಯುವುದು ಬೇಡ

ಹೋದ ವರ್ಷ ರೋಹಿಣಿ ಮಳೆ ಕೂಡುವ ಹೊತ್ತಿಗೆ ಪಕ್ಕದ ಮನೆಯವರು ನನ್ನನ್ನು ತಮ್ಮ ಮಾಳಿಗೆಗೆ ಕರೆದೊಯ್ದರು. ‘ವೈನೀ, ಇಲ್ಲೆ ನೋಡ್ರಿ. ನಿನ್ನೆ ಸಂಜೀಕ ನೆಟ್ಟಗ ನಿಂತಿದ್ದೂರಿ, ಮುಂಜಾನೆ ನೋಡಿದ್ರ ಎಲ್ಲಾ ಮಲಕ್ಕೊಂಡುಬಿಟ್ಟಾವು.’ 98 ಕುಳಿಯ ಪ್ರೋ ಟ್ರೇ, ಅಂದರೆ ಸಸಿ ಎಬ್ಬಿಸುವ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಬ್ಯಾಡಗಿ ಮೆಣಸಿನ ಸಸಿ. ಎಲೆ ಇನ್ನೂ ಹಸಿರಾಗಿತ್ತು. ಕಾಂಡ ಮಾತ್ರ ಮಣ್ಣಿಗೆ ತಾಗುವಲ್ಲಿ ನೀರು ಹಿಡಿದು ಮೆತ್ತಗಾಗಿ, ದಾರದೆಳೆಯ ಹಾಗೆ ಸಣ್ಣಗಾಗಿತ್ತು. ಸಸಿ ಸಾಯುವ ರೋಗ. ಬುಡ ಕೊಳೆ ಅಂತಲೂ ಕರೆಯುತ್ತಾರೆ.

‘ಟ್ರೇ ತೊಳೆದಿದ್ದಿರೇನ್ರಿ?’ ಎಂದೆ. ‘ತೊಳದೇನಲ್ರಿ, ಬ್ಲೀಚಿಂಗ್ ಪೌಡರಿನ್ಯಾಗ ರಾತ್ರಿಯೆಲ್ಲಾ ನೆನಸಿಟ್ಟಿದ್ದೆ.’ ಸಸಿ ಸತ್ತ ಒಂದು ಕುಳಿಯನ್ನು ಬರಿದು ಮಾಡಿ ತಳಕ್ಕೆ ಬೆರಳು ಹಾಕಿದೆ. ಹಿಂದಿನ ಸಲದ ಬದನೆ ಸಸಿಯ ಬೇರಿನ ಸಿಂಬೆ ಅಲ್ಲೇ ಗಟ್ಟಿಯಾಗಿ ಕೂತಿತ್ತು.

ತಪ್ಪೆಲ್ಲ ಟ್ರೇಯದೇ ಎನ್ನಲಾರೆ, ನೀರೂ ಮಿತಿ ಮೀರಿ ಹಾಕಿದ್ದರು. ಆದರೆ ಈ ಕೆಲಸದಲ್ಲಿ ಹತ್ತರಲ್ಲಿ ಎಂಟು ಮಂದಿ ಎಡವುವುದು ಇಲ್ಲೇ, ಹಳೇ ಬೇರು ತೆಗೆಯದೇ ಬ್ಲೀಚಿಗೆ ಹಾಕುವಲ್ಲಿ. ಇನ್ನುಳಿದ ಇಬ್ಬರು ತೊಳೆಯಬೇಕಿಲ್ಲದ ಕುಂಡಗಳನ್ನೆಲ್ಲ ತಿಕ್ಕುತ್ತ ಕೂತಿರುತ್ತಾರೆ.

ಮೊದಲು ವಿಂಗಡಿಸಿ

ಮಲಪ್ರಭೆ ನೀರು ವಾರಕ್ಕೊಮ್ಮೆ ಬರುವ ಓಣಿ ನಮ್ಮದು. ಇದ್ದಬಿದ್ದ ಕುಂಡವನ್ನೆಲ್ಲ ತೊಳೆಯುತ್ತೇನೆಂದರೆ ಮನೆಯವರು ಸುಮ್ಮನಿರುವುದಿಲ್ಲ, ಇರಲೂಬಾರದು. ದಾಸವಾಳ, ಕರಿಬೇವು, ಮಲ್ಲಿಗೆಯಂಥ ಬಲಿತ ಗಿಡ ಚೆನ್ನಾಗಿಯೇ ಬೆಳೆದಿದ್ದ ಕುಂಡಕ್ಕೆ ಮತ್ತೊಂದು ಬಲಿತ ಗಿಡ ಹಾಕುತ್ತೀರಾ? ಮಣ್ಣು ಕೊಡವಿ, ಒಣ ಬ್ರಷ್ ಎಳೆದು, ಹಾಕಿ. ಬಲಿತ ಗಿಡದ ಬೇರು ಮಣ್ಣಿನಲ್ಲಿರುವ ಸಣ್ಣಪುಟ್ಟ ಶಿಲೀಂಧ್ರವನ್ನು ತಡೆದುಕೊಳ್ಳುತ್ತದೆ.

ತೊಳೆಯಲೇಬೇಕಾದವು ಎರಡೇ ಬಗೆ. ಬೀಜ ಹಾಕುವ ಟ್ರೇ, ಸಣ್ಣ ಕುಂಡಗಳು ಒಂದು. ಗಿಡ ಸೊರಗಿಯೋ ಕೊಳೆತೋ ಸತ್ತ ಕುಂಡ ಇನ್ನೊಂದು. ಆಗಷ್ಟೇ ಮೊಳೆತ ಸಸಿಗೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಅದನ್ನು ಕೆಡವುವ ಪಿಥಿಯಂ, ರೈಜೋಕ್ಟೋನಿಯಾ ಮುಂತಾದ ರೋಗಾಣುಗಳು ಹಳೇ ಬೇರಿನ ಚೂರಿನಲ್ಲಿ, ಅಂಟಿದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾಯ್ದುಕೊಂಡು ಬಿದ್ದಿರುತ್ತವೆ.

ಸತ್ತ ಗಿಡದ ಕುಂಡವನ್ನು ಬೆಳಕಿಗೆ ಹಿಡಿದು ನೋಡಿ. ಒಳಗೋಡೆಗೋ ಮಣ್ಣಿನ ಮೇಲ್ಪದರಕ್ಕೋ ಸಾಸಿವೆ ಕಾಳಿನಂಥ ಕಂದು ಉಂಡೆಗಳು, ಜೊತೆಗೆ ಬಿಳಿ ನೂಲಿನಂಥ ಬೂಸ್ಟು ಕಂಡರೆ ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಶೇಂಗಾ ಬೆಳೆಯುವವರಿಗೆ ಇದರ ಪರಿಚಯ ಚೆನ್ನಾಗಿದೆ. ಆ ಉಂಡೆ ವರ್ಷಗಟ್ಟಲೆ ಬದುಕುತ್ತದೆ, ಬ್ಲೀಚಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಹಳೇ ಪ್ಲಾಸ್ಟಿಕ್ ಕುಂಡವಾದರೆ ಮಣ್ಣಿನ ಸಮೇತ ಚೀಲಕ್ಕೆ ಕಟ್ಟಿ ಕಸದ ಗಾಡಿಗೆ ಹಾಕಿ. ಇಪ್ಪತ್ತು ರೂಪಾಯಿ ಕುಂಡದ ಮೇಲೆ ಅಷ್ಟು ಮಮತೆ ಬೇಡ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಮೆಣಸಿನ ಗಿಡದ ಮುಟುರು ರೋಗಕ್ಕೂ ಕುಂಡಕ್ಕೂ ಸಂಬಂಧವಿಲ್ಲ. ಅದು ಥ್ರಿಪ್ಸ್, ನುಸಿ, ಬಿಳಿನೊಣಗಳಿಂದ ಬರುವಂಥದ್ದು. ಕುಂಡ ಎಷ್ಟು ತಿಕ್ಕಿದರೂ ಎಲೆ ಮುದುಡುವುದು ನಿಲ್ಲುವುದಿಲ್ಲ.

ಒಣಗಿಸಿ, ಕೊಡವಿ, ತಿಕ್ಕಿ. ಪುಡಿಯ ಡಬ್ಬಿ ಆಮೇಲೆ

ಬ್ಲೀಚಿನಲ್ಲಿರುವ ಕ್ಲೋರಿನ್‌ಗೆ ಮಣ್ಣು ಯಾವುದು, ರೋಗಾಣು ಯಾವುದು ಎಂಬ ಭೇದವಿಲ್ಲ. ಮಣ್ಣು, ಬೇರು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಚೂರು, ಎದುರಿಗೆ ಏನು ಸಿಕ್ಕರೂ ಅದರ ಮೇಲೆ ಖರ್ಚಾಗಿ ಹೋಗುತ್ತದೆ. ಕೊಳೆ ಟ್ರೇಯನ್ನು ರಾತ್ರಿಯಿಡೀ ನೆನೆಸಿದರೆ ಮೊದಲ ಅರ್ಧ ತಾಸಿನಲ್ಲೇ ಅದರ ಕಸುವು ಮುಗಿದು, ಉಳಿದ ಹೊತ್ತು ಟ್ರೇ ಬರೀ ಕೆಸರು ನೀರಿನಲ್ಲಿ ಕೂತಿರುತ್ತದೆ. ಬೇರಿನ ಸಿಂಬೆಯ ನಡುವೆ ಇರುವುದಕ್ಕೆ ಏನೂ ತಾಗಿರುವುದಿಲ್ಲ.

ಆದ್ದರಿಂದ ಟ್ರೇಗಳನ್ನು ಮೊದಲು ಒಂದು ದಿನ ಪೂರಾ ಒಣಗಲು ಬಿಡಿ. ಹಸಿ ಕೋಕೋಪೀಟ್ ಅಂಟಿಕೊಳ್ಳುತ್ತದೆ, ಒಣಗಿದ್ದು ಸಿಡಿದು ಬರುತ್ತದೆ. ಟ್ರೇ ಬೋರಲು ಹಾಕಿ ಬೆನ್ನಿನ ಮೇಲೆ ಅಂಗೈಯಿಂದ ಬಡಿಯಿರಿ. ಕಲ್ಲಿಗೆ ಕುಟ್ಟಬೇಡಿ, ಕುಳಿಯ ಅಂಚು ಸೀಳುತ್ತದೆ. ಆಮೇಲೆ ಕಸಬರಿಗೆ ಕಡ್ಡಿ ತೆಗೆದುಕೊಂಡು ಪ್ರತಿ ಕುಳಿಯ ತಳದ ತೂತಿಗೆ ಕೆಳಗಿನಿಂದ ಚುಚ್ಚಿ. ಬೇರಿನ ಬಿರಡೆ ಮೇಲಕ್ಕೆ ಎದ್ದು ಬರುತ್ತದೆ. 98 ಸಲ ಚುಚ್ಚುವುದು ಬೇಸರದ ಕೆಲಸ, ಒಪ್ಪಿದೆ. ರೇಡಿಯೋ ಹಚ್ಚಿಕೊಳ್ಳಿ. ತೂತು ಮುಚ್ಚಿದ್ದರೆ ಮುಂದೆ ಹೊಸ ಸಸಿಯ ಬುಡದಲ್ಲಿ ನೀರು ನಿಲ್ಲುತ್ತದೆ, ಬುಡ ಕೊಳೆಗೆ ಬೇಕಾದದ್ದೇ ಅದು.

ಇನ್ನು ಬಕೆಟ್ಟಿನಲ್ಲಿ ನೀರು, ಚಿಟಿಕೆ ಬಟ್ಟೆ ಸೋಪಿನ ಪುಡಿ, ಬಾಟಲಿ ತೊಳೆಯುವ ಉದ್ದ ಬ್ರಷ್. ಕುಳಿಯಲ್ಲಿ ಬ್ರಷ್ ಇಟ್ಟು ಎರಡು ಸುತ್ತು ತಿರುಗಿಸಿ. ನಾಲ್ಕು ಮೂಲೆಯ ಕುಳಿಗಳಿಗೆ ಬ್ರಷ್ ಸರಿಯಾಗಿ ಇಳಿಯುವುದಿಲ್ಲ, ಅಲ್ಲಿಗೆ ಹಳೇ ಹಲ್ಲುಜ್ಜುವ ಬ್ರಷ್ ಬೇಕು. ದೊಡ್ಡ ಕುಂಡದಲ್ಲಿ ಎಲ್ಲರೂ ಒಳಗೆ ತಿಕ್ಕಿ ಮೇಲಂಚಿನ ಮಡಿಕೆಯನ್ನು ಮರೆಯುತ್ತಾರೆ. ಬೆರಳು ತಿರುಗಿಸಿ ಆ ಮಡಿಕೆಯ ಕೆಳಗೆ ಒರೆಸಿ ನೋಡಿ. ಹತ್ತಿಯಂಥ ಬಿಳಿ ಅಂಟು ಬಂದರೆ ಅದು ಹಿಟ್ಟು ತಿಗಣೆ, ನಿಮ್ಮ ದಾಸವಾಳವನ್ನು ಹೀರಿದ್ದೂ ಇದೇ.

ತಿಕ್ಕಿ ಜಾಲಿಸಿದ ಟ್ರೇಯಲ್ಲಿ ಮಣ್ಣಿನ ಬಣ್ಣವೇ ಕಾಣಬಾರದು. ಇಷ್ಟು ಮಾಡಿ, ಬ್ಲೀಚ್ ಮುಟ್ಟದೇ ಬಿಸಿಲಿಗೆ ಒಣಗಿಸಿದರೂ ಮುಕ್ಕಾಲು ಪಾಲು ಕೆಲಸ ಆದ ಹಾಗೆ. ತಿಕ್ಕದೇ ಬ್ಲೀಚ್ ಮಾಡಿದವರಿಗಿಂತ ನೀವೇ ಮುಂದೆ.

ಬ್ಲೀಚ್

ಬ್ಲೀಚಿಂಗ್ ಪೌಡರ್ ಆದರೆ ಲೀಟರ್ ನೀರಿಗೆ ಸುಮಾರು 15 ಗ್ರಾಂ, ಅಂದರೆ ಮಟ್ಟ ಮಾಡಿದ 3 ಟೀ ಚಮಚ. ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಬಗ್ಗಿಸಿಕೊಳ್ಳಿ. ಬಾಟಲಿ ಬ್ಲೀಚ್ ಆದರೆ ಅದರ ಒಂದು ಪಾಲಿಗೆ ನೀರು ಒಂಬತ್ತು ಪಾಲು. ಬಾಟಲಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಎಂದು ಬರೆದಿರಲೇಬೇಕು. ಸಂತೆಯಲ್ಲಿ ಬಾಯಿ ತೆರೆದ ಚೀಲದಿಂದ ತೂಗಿ ಕೊಡುವ ಪುಡಿಯನ್ನು ನಾನು ಕೊಳ್ಳುವುದೇ ಇಲ್ಲ. ಗಾಳಿಯ ತೇವ ಹಿಡಿದ ಪುಡಿ ಸತ್ತ ಪುಡಿ. ಮುಚ್ಚಳ ತೆಗೆದೊಡನೆ ಮೂಗಿಗೆ ಹೊಡೆಯದಿದ್ದರೆ ಅದು ಬರೀ ಸುಣ್ಣ ಅಂದುಕೊಳ್ಳಿ. ಬಿಳಿ ಫಿನಾಯಿಲ್, ಅರಿಸಿನ ನೀರು, ಬೇವಿನ ಕಷಾಯ ಎಂದೆಲ್ಲ ಹೇಳುವವರಿದ್ದಾರೆ. ಅರಿಸಿನವನ್ನು ಅಡುಗೆಗೆ ಇಟ್ಟುಕೊಳ್ಳಿ.

ಪ್ಲಾಸ್ಟಿಕ್ ಟಬ್ಬು, ಕೈಗವಸು, ಬಯಲು ಜಾಗ, ಹಳೇ ಬಟ್ಟೆ. ಶೌಚಾಲಯ ತೊಳೆಯುವ ಆಸಿಡ್ ಅನ್ನು ಬ್ಲೀಚಿಗೆ ಎಂದೂ ಬೆರೆಸಬೇಡಿ. ‘ಎರಡೂ ಕೂಡಿದ್ರ ಚೊಲೋ ಸ್ವಚ್ಛ ಆಗ್ತೈತಿ’ ಅನ್ನುವವರನ್ನು ಕಂಡಿದ್ದೇನೆ. ಎರಡೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ, ಅದು ಶ್ವಾಸಕೋಶವನ್ನು ಸುಡುತ್ತದೆ. ವಿನೆಗರ್ ಕೂಡ ಬೇಡ.

ಟ್ರೇ ತೇಲುತ್ತದೆ, ಮೇಲೊಂದು ಕಲ್ಲು ಹೇರಿ. ಪ್ಲಾಸ್ಟಿಕ್ಕಿಗೆ 10 ನಿಮಿಷ ಸಾಕು, ಮಣ್ಣಿನ ಕುಂಡಕ್ಕೆ ಅರ್ಧ ತಾಸು. ನೀರು ಕೆಸರಾದರೆ, ವಾಸನೆ ಸತ್ತರೆ ಹೊಸದು ಮಾಡಿ. ಆಮೇಲೆ ಒಳ್ಳೆಯ ನೀರಿನಲ್ಲಿ ಎರಡು ಸಲ ಜಾಲಿಸಿ. ಬ್ಲೀಚ್ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ.

ಕುದಿವ ನೀರು ಸುರಿದರೆ ಆಗದೇ ಎಂದು ಕೇಳುತ್ತೀರಿ. ಮಣ್ಣಿನ ಕುಂಡಕ್ಕೆ ಆದೀತು, ಅದೂ ತಣ್ಣಗಿದ್ದ ಕುಂಡ ಕೆಲವೊಮ್ಮೆ ಸೀಳುತ್ತದೆ. ಪ್ರೋ ಟ್ರೇಗೆ ಸುರಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಮಣ್ಣಿನ ಕುಂಡದ ಬಿಳಿ ಪದರ

ಅದು ರೋಗವಲ್ಲ. ಬೋರಿನ ಸವಳು ನೀರು ಹಾಕಿ ಹಾಕಿ ಗೋಡೆಯಿಂದ ಹೊರಬಂದ ಉಪ್ಪು, ಸುಣ್ಣ. ನೋಡಲು ಚಂದ ಎಂದು ಬಿಡುವವರು ಬಿಡಬಹುದು. ದಪ್ಪನಾಗಿ ಕಟ್ಟಿದ್ದರೆ ತೆಗೆಯುವುದು ಒಳ್ಳೆಯದು, ಮೇಲಂಚಿನ ಉಪ್ಪಿಗೆ ತಾಗಿದ ಎಳೆ ಕಾಂಡ ಸುಡುತ್ತದೆ. ಒಂದು ಪಾಲು ವಿನೆಗರ್, ಒಂದು ಪಾಲು ನೀರು, ತೆಂಗಿನ ನಾರು. ಇದನ್ನು ಬ್ಲೀಚ್ ಮಾಡಿದ ದಿನ ಮಾಡಬೇಡಿ, ಬೇರೆ ದಿನ ಇಟ್ಟುಕೊಳ್ಳಿ. ಮಣ್ಣಿನ ಕುಂಡ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ಬ್ಲೀಚಿಗೆ ಇಳಿಸುವ ಮೊದಲು ಬರೀ ನೀರಿನಲ್ಲಿ ಒಂದು ತಾಸು ನೆನೆಸಿ ಹೊಟ್ಟೆ ತುಂಬಿಸಿ, ಬ್ಲೀಚ್ ಆದ ಮೇಲೂ ಒಂದು ರಾತ್ರಿ ಬರೀ ನೀರಿನಲ್ಲಿಡಿ.

ಒಣಗಿಸಿ, ಎತ್ತಿಡಿ

ಮೇ ಬಿಸಿಲಿಗೆ ಎರಡು ತಾಸು ಸಾಕು. ತಿಂಗಳಿಡೀ ಮಾಳಿಗೆ ಮೇಲೆ ಬಿಟ್ಟರೆ ಪ್ರೋ ಟ್ರೇ ಮುಟ್ಟಿದಲ್ಲೆಲ್ಲ ಚೂರಾಗುತ್ತದೆ. ತೊಳೆದ ಟ್ರೇಗೆ ತೋಟದ ಮಣ್ಣನ್ನೇ ತುಂಬಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಬೀಜಕ್ಕೆ ಹೊಸ ಕೋಕೋಪೀಟೇ ಇರಲಿ. ಕುಂಡಗಳನ್ನು ಬೋರಲು ಹಾಕಿ, ಒಂದರ ಮೇಲೊಂದು ಪೇರಿಸಿ ನೆರಳಲ್ಲಿಡಿ. ಮುಂದಿನ ಸಲ ತೆಗೆಯುವಾಗ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಿರಿ. ನಮ್ಮ ಮನೆಯ ರಾಶಿಯಿಂದ ಇದುವರೆಗೆ ಎರಡು ಚೇಳು ಹೊರಬಿದ್ದಿವೆ.