ಕ್ಯಾಸೆಟ್ಟಿನ ಬದಲು ಮಳೆ ರೆಕಾರ್ಡ್ ಆದಾಗ

ಶಿರಸಿ ಹತ್ತಿರದ ನಮ್ಮ ಮನೆಯ ಕಪಾಟಿನಲ್ಲಿ ಅಪ್ಪ ಕೂಡಿಟ್ಟ ತಾಳಮದ್ದಲೆ ಕ್ಯಾಸೆಟ್‌ಗಳಿವೆ. ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ರಾತ್ರಿಯಿಡೀ ಭಾಗವತರ ಪಕ್ಕ ಕೂತು ಮಾಡಿಕೊಂಡಿದ್ದು. ಇಲ್ಲಿನ ಥಂಡಿಗೆ ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ನಾಲ್ಕು ಸಲ ಓಡಿಸಿದರೆ ಟೇಪ್ ಹರಿದೇ ಹೋಗಬಹುದು. ಹಾಗಾಗಿ ಈ ಮಳೆಗಾಲ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಲು ಕೂತೆ.

ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಲಿನಕ್ಸ್. ಟೇಪ್ ಡೆಕ್ಕಿನಿಂದ ಸದ್ದು ತರಲು ಚಿಕ್ಕದೊಂದು ಯುಎಸ್‌ಬಿ ಸೌಂಡ್ ಕಾರ್ಡ್. ಮೊದಲ ದಿನ ಚೆನ್ನಾಗಿ ನಡೆಯಿತು. ಮರುದಿನ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ಮತ್ತೆ ಶುರು ಮಾಡಿ, ಸಿ-90 ಕ್ಯಾಸೆಟ್ಟಿನ ಒಂದು ಬದಿ, ಪೂರ್ತಿ 45 ನಿಮಿಷ ರೆಕಾರ್ಡ್ ಮಾಡಿದೆ. ಪರದೆಯ ಮೇಲೆ ಮೀಟರ್ ಕುಣಿಯುತ್ತಲೇ ಇತ್ತು. ಆಮೇಲೆ ಕೇಳಿದರೆ ಕೃಷ್ಣನೂ ಇಲ್ಲ, ಕೌರವನೂ ಇಲ್ಲ. ತಗಡಿನ ಮೇಲೆ ಸುರಿಯುವ ಮಳೆ, ನಡುವೆ ಅಮ್ಮ ಊಟಕ್ಕೆ ಕರೆದದ್ದು. ವೆಬ್‌ಕ್ಯಾಮ್‌ನ ಮೈಕ್ ರೆಕಾರ್ಡ್ ಆಗಿತ್ತು! ಟೇಪ್ ಸುಮ್ನೆ ಒಂದು ಸಲ ಸವೆಯಿತಲ್ಲ ಅಂತ ಹೊಟ್ಟೆ ಉರಿಯಿತು.

ಟರ್ಮಿನಲ್‌ನಲ್ಲಿ ‘ಎರೆಕಾರ್ಡ್ -ಎಲ್’ ಕಮಾಂಡ್ ಕೊಟ್ಟು, ರೆಕಾರ್ಡ್ ಮಾಡಬಲ್ಲ ಕಾರ್ಡುಗಳ ಪಟ್ಟಿ ನೋಡಿದೆ. ನಿನ್ನೆ 2 ಆಗಿದ್ದ ಸೌಂಡ್ ಕಾರ್ಡ್ ಇವತ್ತು 3 ಆಗಿತ್ತು. 2ರಲ್ಲಿ ವೆಬ್‌ಕ್ಯಾಮ್ ಕೂತಿತ್ತು. ಲಿನಕ್ಸಿನಲ್ಲಿ ಸದ್ದಿನ ಕೆಲಸ ನೋಡಿಕೊಳ್ಳುವ ಭಾಗ ಅಲ್ಸಾ. ಅದು ಕಾರ್ಡುಗಳಿಗೆ 0, 1, 2 ಅಂತ ನಂಬರ್ ಕೊಡುತ್ತದೆ. ಬೂಟ್ ಆಗುವಾಗ ಯಾವುದು ಮೊದಲು ಸಿಕ್ಕಿತೋ ಅದಕ್ಕೆ ಮೊದಲ ನಂಬರ್. ಬಸ್ಸಿಗೆ ಮೊದಲು ಹತ್ತಿದವರಿಗೆ ಕಿಟಕಿ ಸೀಟು ಸಿಕ್ಕ ಹಾಗೆ. ರೆಕಾರ್ಡ್ ಮಾಡುವ ಕಮಾಂಡಿನಲ್ಲಿ ನಾನು ‘ಪ್ಲಗ್‌ಎಚ್‌ಡಬ್ಲ್ಯು:2’, ಅಂದರೆ 2ನೇ ನಂಬರಿನ ಕಾರ್ಡು, ಅಂತ ಬರೆದಿಟ್ಟಿದ್ದೆ. ಇನ್ನೂ ಒಂದು ವಿಷಯ ಇದೆ. ನನ್ನ ವೆಬ್‌ಕ್ಯಾಮ್‌ನ ಮೈಕ್ ಮೊನೊ (ಒಂದೇ ಚಾನೆಲ್), ಕಮಾಂಡಿನಲ್ಲಿ ನಾನು ಬೇಕೆಂದದ್ದು ಸ್ಟೀರಿಯೊ (ಎರಡು ಚಾನೆಲ್). ಬರೀ ‘ಎಚ್‌ಡಬ್ಲ್ಯು’ ಅಂತ ಬರೆದಿದ್ದರೆ ಆಗಲೇ ಎರರ್ ಬಂದು ನಿಲ್ಲುತ್ತಿತ್ತು. ‘ಪ್ಲಗ್’ ಸೇರಿಸಿದರೆ ಅಲ್ಸಾ ತಾನೇ ಹೊಂದಿಸಿಕೊಂಡು, ತಕರಾರಿಲ್ಲದೆ ಮುಂದುವರಿಯುತ್ತದೆ.

ನಂಬರ್ ಬದಲಿಗೆ ಹೆಸರು ಕೊಟ್ಟೆ, ಸಮಸ್ಯೆ ಮುಗಿಯಿತು. ‘ಎರೆಕಾರ್ಡ್ -ಎಲ್’ ತೋರಿಸುವ ಸಾಲಿನಲ್ಲಿ ನಂಬರಿನ ಪಕ್ಕ ಒಂದು ಚಿಕ್ಕ ಹೆಸರು ಇರುತ್ತದೆ. ನನ್ನ ಕಾರ್ಡಿನಲ್ಲಿರುವುದು ಪಿಸಿಎಂ2902 ಚಿಪ್. ಅದರ ಹೆಸರು ‘ಕೋಡೆಕ್’ ಅಂತ ಬರುತ್ತದೆ. ಈಗ ಕಮಾಂಡ್ ‘ಎಚ್‌ಡಬ್ಲ್ಯು:ಕೋಡೆಕ್’. ಯಾವ ನಂಬರಿಗೆ ಹೋದರೂ ಚಿಂತೆಯಿಲ್ಲ. ನಂಬರೇ ಕಾಯಂ ಆಗಬೇಕು ಅನ್ನುವವರು ‘ಮಾಡ್‌ಪ್ರೋಬ್.ಡಿ’ ಫೋಲ್ಡರಿನ (ಡ್ರೈವರುಗಳ ಸೆಟ್ಟಿಂಗ್ ಇರುವ ಜಾಗ) ಫೈಲಿನಲ್ಲಿ ಯುಎಸ್‌ಬಿ ಆಡಿಯೋ ಡ್ರೈವರಿಗೆ ಇಂಡೆಕ್ಸ್, ಅಂದರೆ ಕಾರ್ಡಿನ ನಂಬರ್, ಬರೆಯಬಹುದು. ಆದರೆ ವೆಬ್‌ಕ್ಯಾಮ್‌ಗೂ ಅದೇ ಡ್ರೈವರ್. ಹಾಗಾಗಿ ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ತೋರಿಸುವ ವೆಂಡರ್, ಪ್ರಾಡಕ್ಟ್ ಐಡಿಗಳನ್ನೂ (ತಯಾರಕರ ಮತ್ತು ಸಾಧನದ ಗುರುತಿನ ಸಂಖ್ಯೆ) ಜೊತೆಗೆ ಕೊಡಬೇಕು. ಹೆಸರಿನ ದಾರಿಯೇ ಸಲೀಸು.

ನಡುವೆ ಒಮ್ಮೆ ‘ಡಿವೈಸ್ ಬ್ಯುಸಿ’ ಅಂತ ಬಂತು. ‘ಫ್ಯೂಸರ್ -ವಿ’ ಕೊಟ್ಟು ಯಾವ ಪ್ರೋಗ್ರಾಂ ಬಳಸುತ್ತಿದೆ ಅಂತ ನೋಡಿದರೆ, ಕಾರ್ಡನ್ನು ಪೈಪ್‌ವೈರ್ (ಎಲ್ಲ ಪ್ರೋಗ್ರಾಂಗಳ ಸದ್ದನ್ನು ಹಂಚುವ ಸೇವೆ) ಹಿಡಿದಿಟ್ಟಿತ್ತು. ಅದನ್ನು ಕಿಲ್ ಮಾಡಲು (ಬಲವಂತವಾಗಿ ನಿಲ್ಲಿಸಲು) ಹೋಗಬೇಡಿ, ಜಾಸ್ತಿ ಗೊಂದಲವಾಗುತ್ತದೆ. ‘ಪಾವುಕಂಟ್ರೋಲ್’ ಅನ್ನುವ ಸದ್ದಿನ ಸೆಟ್ಟಿಂಗ್ ಪ್ರೋಗ್ರಾಂ ತೆರೆದು, ಕಾನ್ಫಿಗರೇಷನ್‌ನಲ್ಲಿ ಆ ಒಂದು ಕಾರ್ಡಿನ ಪ್ರೊಫೈಲ್ ಆಫ್ ಮಾಡಿದರೆ ಬಿಟ್ಟುಕೊಡುತ್ತದೆ.

ಈಗ ಕ್ಯಾಸೆಟ್ ಹಾಕುವ ಮುಂಚೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ವೆಬ್‌ಕ್ಯಾಮ್ ಎದುರು ಚಪ್ಪಾಳೆ ತಟ್ಟುತ್ತೇನೆ. ಕೇಳಿಸಿಕೊಂಡಾಗ ಚಪ್ಪಾಳೆ ಇರದಿದ್ದರೆ ಪ್ಲೇ ಒತ್ತುತ್ತೇನೆ. ಅವತ್ತಿನ ಆ ಬದಿ ಮೊನ್ನೆ ಪೂರ್ತಿ ಇಳಿಯಿತು. ಟೇಪ್ ಹರಿಯಲಿಲ್ಲ.