ಮೃಗಶಿರಾ ಮಳೆಗೆ ಮೊದಲೇ ಬಾಗಿಲು, ಕಿಟಕಿಯ ಸಂದು ಮುಚ್ಚಿ: ರಬ್ಬರ್ ಪಟ್ಟಿ ಅಂಟಿಸುವುದು ಹೇಗೆ?

ಬಾಗಿಲು, ಕಿಟಕಿಗೆ ರಬ್ಬರ್ ಪಟ್ಟಿ ಅಂಟಿಸುವುದು ಅರ್ಧ ದಿನದ ಕೆಲಸ. ಬಡಗಿ ಬೇಕಿಲ್ಲ, ಡ್ರಿಲ್ಲಿಂಗ್ ಮಷೀನ್ ಬೇಕಿಲ್ಲ. ಹಾಗಿದ್ದರೂ ಮೇ ತಿಂಗಳಲ್ಲಿ ಅಂಟಿಸಿದ ಪಟ್ಟಿ ಆಗಸ್ಟ್ ಹೊತ್ತಿಗೆ ಜೋತುಬಿದ್ದಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇನೆ. ಇನ್ನು ಕೆಲವರ ಮನೆಯಲ್ಲಿ ಪಟ್ಟಿ ಗಟ್ಟಿಯಾಗಿ ಕೂತಿರುತ್ತದೆ, ಆದರೆ ಬಾಗಿಲು ಮುಚ್ಚಲು ಭುಜ ಕೊಟ್ಟು ತಳ್ಳಬೇಕು. ಅಂಟಿಸುವುದು ಎಲ್ಲರಿಗೂ ಬರುತ್ತದೆ. ಅದಕ್ಕೂ ಮೊದಲು ಅಳೆಯುವುದು ಮತ್ತು ಒರೆಸುವುದು, ಇವೆರಡನ್ನು ಹಾರಿಸುವುದರಿಂದಲೇ ಕೆಲಸ ಕೆಡುತ್ತದೆ.

ಕಾಲ ಮುಖ್ಯ. ಕರಾವಳಿಗೆ ಮುಂಗಾರು ಬರುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ. ಮೃಗಶಿರಾ ಮಳೆ ಹಿಡಿದ ಮೇಲೆ ಮರ ತೇವ ಎಳೆದುಕೊಳ್ಳುತ್ತದೆ, ಆಮೇಲೆ ಎಂಥ ಅಂಟೂ ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲೇ ಮುಗಿಸಿ. ಎಲ್ಲ ಕಿಟಕಿಗೂ ಒಂದೇ ದಿನ ಕೈ ಹಾಕಬೇಡಿ. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಎರಚಲು ಹೊಡೆಯುವುದೂ ಆ ಕಡೆಯಿಂದಲೇ. ಆ ಮುಖದ ಕಿಟಕಿ, ಬಾಗಿಲು ಮೊದಲು. ಬೆಂಗಳೂರು, ಹಳೆ ಮೈಸೂರಿನ ಕಡೆ ಹಿಂಗಾರು ಮಳೆಯೂ ಇರುವುದರಿಂದ ಪೂರ್ವದ ಕಿಟಕಿಗಳನ್ನು ಅಕ್ಟೋಬರ್ ಒಳಗೆ ಮಾಡಿಕೊಳ್ಳಬಹುದು. ಬಳ್ಳಾರಿ, ರಾಯಚೂರಿನ ಕಡೆಯವರಿಗೆ ಮಳೆಗಿಂತ ದೂಳಿನ ಕಾಟ ಜಾಸ್ತಿ. ಅವರಿಗೂ ಕ್ರಮ ಇದೇ.

ಎಲ್ಲಿ ಅಂಟಿಸಬಾರದು

ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯ ಬಾಗಿಲು, ಕಿಟಕಿಗೆ ಯಾವ ಕಾರಣಕ್ಕೂ ಪಟ್ಟಿ ಹಾಕಬೇಡಿ. ಗೀಸರ್ ಉರಿಯಲು ಗಾಳಿ ಬೇಕು. ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬೀಳುವುದು ಹೀಗೆಯೇ. ಹಂಡೆ ಒಲೆ ಇರುವ ಬಚ್ಚಲಿಗೂ ಇದೇ ಮಾತು. ಅಡುಗೆಮನೆಯಲ್ಲಿ ಬಾಗಿಲ ಕೆಳಗಿನ ಸಂದನ್ನು ಹಾಗೇ ಬಿಡಿ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಅದು ಹೊರಗೆ ಹೋಗಲು ದಾರಿ ಇರಬೇಕು.

ನೀರು ಎಲ್ಲಿಂದ ಬರುತ್ತಿದೆ?

ಒಬ್ಬರು ಒಳಗೆ ನಿಂತು ನೋಡಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆ ಇಳಿದು ಯಾವ ಸಂದು ಸೋರುತ್ತಿದೆ ಎಂದೇ ಗೊತ್ತಾಗುವುದಿಲ್ಲ. ನೀರು ಚೌಕಟ್ಟಿಗೂ ಗೋಡೆಗೂ ನಡುವೆ ಬರುತ್ತಿದ್ದರೆ ರಬ್ಬರ್ ಪಟ್ಟಿಯಿಂದ ಏನೂ ಆಗದು. ಅಲ್ಲಿಗೆ ಸಿಲಿಕೋನ್ ಸೀಲಂಟ್ ಬೇಕು. ಅದರಲ್ಲೂ ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ತನ್ನಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಸಿಮೆಂಟಿನ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ನೀರು ಕದ ಮತ್ತು ಚೌಕಟ್ಟಿನ ನಡುವೆ ಬರುತ್ತಿದ್ದರೆ ಮಾತ್ರ ಪಟ್ಟಿಯ ಕೆಲಸ.

ಅಳತೆ: ಇಲ್ಲಿ ಆತುರ ಬೇಡ

ಹೆಚ್ಚಿನವರು ಬಾಗಿಲನ್ನು ದೂರದಿಂದ ನೋಡಿ, ‘ಒಂದರ್ಧ ಇಂಚು ಸಂದಿದೆ’ ಎಂದುಕೊಂಡು ಅಂಗಡಿಗೆ ಹೋಗುತ್ತಾರೆ. ಕಣ್ಣಿಗೆ ಕಾಣುವುದು ಕದದ ಅಂಚಿನ ಪಕ್ಕದ ಸಂದು. ಪಟ್ಟಿ ಕೂರುವುದು ಅಲ್ಲಲ್ಲ. ಮುಚ್ಚಿದಾಗ ಕದ ಬಂದು ತಾಗುತ್ತದಲ್ಲ, ಚೌಕಟ್ಟಿನ ಆ ಮೆಟ್ಟಿಲಿನಲ್ಲಿ. ಅಲ್ಲಿ ಎಷ್ಟು ಜಾಗ ಉಳಿಯುತ್ತದೆ ಎನ್ನುವುದು ಬಾಗಿಲು ಮುಚ್ಚಿದ ಮೇಲೆ ಕಾಣುವುದೇ ಇಲ್ಲ.

ಅದನ್ನು ಅಳೆಯಲು ಚಪಾತಿ ಹಿಟ್ಟಿಗಿಂತ ಒಳ್ಳೆಯ ಸಾಧನ ಇಲ್ಲ. ಹಿಟ್ಟನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ. ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಇಲ್ಲದಿದ್ದರೆ ಬಾಗಿಲಿಗೆ ಮೆತ್ತಿಕೊಳ್ಳುತ್ತದೆ. ಚೌಕಟ್ಟಿನ ಮೆಟ್ಟಿಲಿನ ಮೇಲೆ ಬದಿಗೆ ಮೂರರಂತೆ ಒತ್ತಿ ಇಡಿ: ಎಡಕ್ಕೆ ಮೂರು, ಬಲಕ್ಕೆ ಮೂರು, ಮೇಲೆ ಮೂರು. ಈಗ ಬಾಗಿಲು ಮುಚ್ಚಿ ಚಿಲಕ ಹಾಕಿ. ಚಿಲಕ ಹಾಕಲೇಬೇಕು, ಸುಮ್ನೆ ತಳ್ಳಿ ಹಿಡಿದರೆ ಅಳತೆ ತಪ್ಪುತ್ತದೆ. ಬಾಗಿಲು ತೆಗೆದು ಚಪ್ಪಟೆಯಾದ ಪ್ರತಿ ಉಂಡೆಯನ್ನೂ ಬ್ಲೇಡಿನಿಂದ ಕತ್ತರಿಸಿ, ಅದರ ದಪ್ಪವನ್ನು ಶಾಲೆಯ ಸ್ಕೇಲಿನಲ್ಲಿ ನೋಡಿ ಬರೆದುಕೊಳ್ಳಿ.

ಒಂಬತ್ತು ಕಡೆಯೂ ಒಂದೇ ಅಳತೆ ಬರುವುದು ಅಪರೂಪ. ಹಿಂಜಸ್ ಬದಿ 2 ಮಿ.ಮೀ. ಇದ್ದರೆ ಚಿಲಕದ ಬದಿ ಮೇಲ್ತುದಿಯಲ್ಲಿ 5 ಮಿ.ಮೀ. ಬರಬಹುದು. ಅಂದರೆ ಕದ ವಾಲಿದೆ. ಒಂದೇ ಬದಿಯ ಮೇಲಕ್ಕೂ ಕೆಳಕ್ಕೂ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪಟ್ಟಿ ತರಲು ಹೋಗಬೇಡಿ. ಮೊದಲು ಹಿಂಜಸ್ ಸರಿ ಮಾಡಿಸಿ. ಸ್ಕ್ರೂ ತೂತು ಸಡಿಲವಾಗಿದ್ದರೆ ಮರದ ಅಂಟು ಹಚ್ಚಿದ ಬಿದಿರ ಕಡ್ಡಿ ತೂರಿಸಿ, ಒಣಗಿದ ಮೇಲೆ ಸ್ಕ್ರೂ ಬಿಗಿದರೆ ಎಷ್ಟೋ ಬಾಗಿಲು ತಾನಾಗಿ ಮೇಲೇಳುತ್ತದೆ. ವಾಲಿದ ಬಾಗಿಲಿಗೆ ದಪ್ಪ ಪಟ್ಟಿ ಹಾಕಿ ಸರಿಪಡಿಸುತ್ತೇನೆ ಎನ್ನುವವರು ಚಿಲಕ ಬಗ್ಗಿಸಿಕೊಳ್ಳುತ್ತಾರೆ.

ಇನ್ನೊಂದು ವಿಷಯ, ಇದನ್ನು ಪಟ್ಟಿಯ ಡಬ್ಬದ ಮೇಲೆ ಯಾರೂ ಬರೆಯುವುದಿಲ್ಲ. ಮರ ಮಳೆಗಾಲದಲ್ಲಿ ಉಬ್ಬುತ್ತದೆ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಮಲೆನಾಡಿನ ಬಾಗಿಲುಗಳು ಬಿಗಿಯಾಗುವುದು ಗೊತ್ತೇ ಇದೆ, ಅಲ್ವಾ? ಮೇ ತಿಂಗಳಲ್ಲಿ 4 ಮಿ.ಮೀ. ಇದ್ದ ಸಂದು ಜುಲೈನಲ್ಲಿ ಅಷ್ಟೇ ಇರುವುದಿಲ್ಲ. ಆದ್ದರಿಂದ ಮರದ ಬಾಗಿಲಿಗೆ ತುಂಬು ರಬ್ಬರಿನ ಗಟ್ಟಿ ಪಟ್ಟಿ ಬೇಡವೇ ಬೇಡ. ಒಳಗೆ ಟೊಳ್ಳಾಗಿರುವ ಪಟ್ಟಿಯೇ ಬೇಕು. ಬೇಸಿಗೆಯಲ್ಲಿ ಅದು ಕಾಲು ಭಾಗ ಅಮುಕಿ ಕೂರುತ್ತದೆ, ಮಳೆಗಾಲದಲ್ಲಿ ಅರ್ಧಕ್ಕೆ ಅಮುಕುತ್ತದೆ, ಬಾಗಿಲಿಗೆ ಅಡ್ಡಿ ಮಾಡುವುದಿಲ್ಲ. 4 ಮಿ.ಮೀ. ಸಂದಿಗೆ ಸುಮಾರು 5.5 ಮಿ.ಮೀ. ದಪ್ಪದ ಟೊಳ್ಳು ಪಟ್ಟಿ ಸರಿಹೋಗುತ್ತದೆ.

ಅಂಗಡಿಯಲ್ಲಿ

ಡಬ್ಬದ ಮೇಲಿನ ಎರಡು ಅಳತೆಗಳನ್ನು ಜನ ಕಲಸಿಕೊಳ್ಳುತ್ತಾರೆ. ‘9×5.5’ ಎಂದಿದ್ದರೆ ಪಟ್ಟಿಯ ಅಗಲ 9, ದಪ್ಪ 5.5 ಮಿ.ಮೀ. ‘3–5’ ಎಂದಿದ್ದರೆ ಅದು ಮುಚ್ಚಬಲ್ಲ ಸಂದಿನ ಅಳತೆ. ನಿಮ್ಮ ಹಿಟ್ಟಿನುಂಡೆಯ ಲೆಕ್ಕವನ್ನು ಹೋಲಿಸಬೇಕಾದದ್ದು ಎರಡನೆಯದರ ಜೊತೆ.

ಇಪಿಡಿಎಂ ರಬ್ಬರನ್ನೇ ಕೇಳಿ. ಕಾರಿನ ಬಾಗಿಲಿನ ಸುತ್ತ ಇರುವುದೂ ಇದೇ ಜಾತಿಯ ರಬ್ಬರ್, ಬಿಸಿಲಿಗೂ ಮಳೆಗೂ ಬೇಗ ಬಿರಿಯುವುದಿಲ್ಲ. ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಇ, ಪಿ, ಡಿ ಅಕ್ಷರಗಳಂತೆ ಕಾಣುವ ಮೂರು ಬಗೆ ಸಿಗುತ್ತವೆ. 3 ಮಿ.ಮೀ. ಆಸುಪಾಸಿನ ಸಣ್ಣ ಸಂದಿಗೆ ‘ಇ’. 3ರಿಂದ 5ಕ್ಕೆ ‘ಪಿ’. ಅದಕ್ಕಿಂತ ದೊಡ್ಡದಕ್ಕೆ ದಪ್ಪ ‘ಡಿ’.

ಬೂದು ಅಥವಾ ಕಪ್ಪು ಬಣ್ಣದ ಸ್ಪಂಜಿನ ಟೇಪ್ ಅಗ್ಗಕ್ಕೆ ಸಿಗುತ್ತದೆ, ಅಂಗಡಿಯವರು ಮೊದಲು ತೆಗೆದು ಕೊಡುವುದೂ ಅದನ್ನೇ. ಹೊರಬಾಗಿಲಿಗೆ ತರಬೇಡಿ. ಒಂದು ತುಂಡನ್ನು ನೀರಿನಲ್ಲಿ ಹಿಂಡಿ ಬಿಟ್ಟು ನೋಡಿ, ನೀರು ಕುಡಿದರೆ ಅದು ಮಳೆಯ ಪಟ್ಟಿ ಅಲ್ಲ. ಮರಕ್ಕೆ ಸದಾ ತೇವ ತಾಗಿಸಿಟ್ಟು ಮರವನ್ನೂ ಕೆಡಿಸುತ್ತದೆ. ಎಸಿ ಕೋಣೆಯ ಒಳಬಾಗಿಲಿಗೆ ಬೇಕಾದರೆ ಹಾಕಿ.

ಒರೆಸುವುದು

ಪಟ್ಟಿ ಕಿತ್ತು ಬಂದ ಮನೆಗಳಲ್ಲಿ ಅದರ ಹಿಂಭಾಗ ನೋಡಿದರೆ ಅಂಟಿನ ತುಂಬ ದೂಳು, ಇಲ್ಲವೇ ಬಣ್ಣದ ಸಿಪ್ಪೆ. ಪಟ್ಟಿ ಅಂಟಿದ್ದು ಮರಕ್ಕಲ್ಲ, ಕೊಳೆಗೆ.

ಹಳೆಯ ಬಣ್ಣ ಏಳುತ್ತಿದ್ದರೆ ಕೆರೆದು, ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ. ಆಮೇಲೆ ಇಡೀ ರಾತ್ರಿ ಒಣಗಲು ಬಿಡಿ. ಮರುದಿನ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಿಳಿ ಹತ್ತಿ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಳಿಯಾಗಿಯೇ ಬರುವ ತನಕ. ಹತ್ತಿರ ದೀಪ, ಒಲೆ ಉರಿಯುತ್ತಿರಬಾರದು. ಅಡುಗೆಮನೆಯ ಪಕ್ಕದ ಕಿಟಕಿಗಳಲ್ಲಿ ಒಗ್ಗರಣೆಯ ಜಿಡ್ಡು ಇರುತ್ತದೆ, ಅಲ್ಲಿ ಎರಡು ಸಲ ಸೋಪು ಹಾಕಿ.

ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಬಳಸುವವರಿದ್ದಾರೆ. ಬೇಡ. ಕೈ ಒಣಗದಿರಲಿ ಎಂದು ಅದಕ್ಕೆ ಗ್ಲಿಸರಿನ್ ಸೇರಿಸಿರುತ್ತಾರೆ, ಅದರ ಪದರ ಹಾಗೇ ಉಳಿಯುತ್ತದೆ. ಥಿನ್ನರ್ ಬಣ್ಣವನ್ನೇ ಕರಗಿಸುತ್ತದೆ. ಬಾಗಿಲಿಗೆ ಎಣ್ಣೆ ಹಚ್ಚುವ ಅಭ್ಯಾಸ ಇರುವ ಮನೆಯವರು ಆ ಮೆಟ್ಟಿಲಿನ ಭಾಗಕ್ಕೆ ಹಚ್ಚುವುದನ್ನು ನಿಲ್ಲಿಸಬೇಕು. ಹೊಸದಾಗಿ ಎನಾಮಲ್ ಬಳಿದಿದ್ದರೆ ಎರಡು ಮೂರು ವಾರ ತಡೆಯಿರಿ.

ಅಂಟಿಸುವುದು

ಮೇಲಿನ ಅಡ್ಡ ಪಟ್ಟಿ ಮೊದಲು, ಚೌಕಟ್ಟಿನ ಪೂರ್ತಿ ಅಗಲಕ್ಕೆ. ಆಮೇಲೆ ಎರಡು ಬದಿಯ ಪಟ್ಟಿಗಳನ್ನು ಅದಕ್ಕೆ ಒತ್ತಿ ತಾಗುವಂತೆ ಮೇಲಿನಿಂದ ಕೆಳಕ್ಕೆ ಇಳಿಸಿ. ಮೂಲೆಯಲ್ಲಿ ಒಂದೇ ಪಟ್ಟಿಯನ್ನು ಬಗ್ಗಿಸಬೇಡಿ, ಅದು ಉಬ್ಬಿ ನಿಂತು ಬಾಗಿಲನ್ನು ತಡೆಯುತ್ತದೆ. ಹಿಂದಿನ ಕಾಗದವನ್ನು ಗೇಣುದ್ದ ಮಾತ್ರ ಬಿಡಿಸಿ, ಒತ್ತಿ, ಮತ್ತೆ ಬಿಡಿಸಿ.

ಪಟ್ಟಿಯನ್ನು ಎಳೆದು ಅಂಟಿಸಲೇಬೇಡಿ. ನೆಟ್ಟಗೆ ಬರಲಿ ಎಂದು ಎಲ್ಲರೂ ಎಳೆಯುತ್ತಾರೆ. ಎಳೆದ ರಬ್ಬರ್ ಕೆಲವೇ ದಿನಗಳಲ್ಲಿ ತನ್ನ ಉದ್ದಕ್ಕೆ ಮರಳುತ್ತದೆ, ಮೂಲೆಯಲ್ಲಿ ಬೆರಳಗಲ ಸಂದು ಬೀಳುತ್ತದೆ. ನೀರು ಬರುವುದು ಸರಿಯಾಗಿ ಅಲ್ಲಿಂದಲೇ.

ಹಿಂಜಸ್ ಬದಿಗೆ ಬೇರೆ ಲೆಕ್ಕ. ಬಾಗಿಲನ್ನು ನಿಧಾನ ಮುಚ್ಚುತ್ತಾ ನೋಡಿ: ಕದ ಎಲ್ಲಿ ಪಟ್ಟಿಯನ್ನು ಒತ್ತುತ್ತದೆ, ಎಲ್ಲಿ ಉಜ್ಜುತ್ತದೆ? ಒತ್ತುವ ಜಾಗವೇ ಸರಿಯಾದದ್ದು. ಉಜ್ಜುವ ಜಾಗದಲ್ಲಿ ಅಂಟಿಸಿದರೆ ಪ್ರತಿ ಸಲ ಬಾಗಿಲು ಹಾಕಿದಾಗಲೂ ಪಟ್ಟಿ ಸ್ವಲ್ಪ ಸ್ವಲ್ಪವೇ ಜರುಗುತ್ತದೆ.

ಮುಗಿದ ಮೇಲೆ ಪಟ್ಟಿಯ ಅಂಚಿನುದ್ದಕ್ಕೂ ಚಮಚದ ಬೆನ್ನಿನಿಂದ ಒತ್ತಿ. ಒಂದು ದಿನ ನೀರು ಸೋಕಿಸಬೇಡಿ. ಮರುದಿನ ಈ ಪತ್ರಿಕೆಯದ್ದೇ ಒಂದು ತುಂಡನ್ನು ಸಂದಿಗೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸ್ವಲ್ಪ ಬಿಗಿಯಾಗಿ ಜಾರಿ ಬಂದರೆ ಸರಿ. ಸಲೀಸಾಗಿ ಬಂದರೆ ಅಲ್ಲಿ ಪಟ್ಟಿ ತಾಗುತ್ತಿಲ್ಲ. ಹರಿದೇ ಬಂದರೆ ಪಟ್ಟಿ ದಪ್ಪವಾಯಿತು, ಬದಲಾಯಿಸಿ.

ಬಾಗಿಲ ಕೆಳಗೆ

ಹೊಸ್ತಿಲ ಮೇಲೆ ಏನನ್ನೂ ಅಂಟಿಸಬೇಡಿ. ದಿನಾ ನೀರು ಹಾಕಿ ತೊಳೆಯುವ, ಅರಿಶಿನ ಹಚ್ಚುವ, ಎಲ್ಲರೂ ದಾಟುವ ಜಾಗ ಅದು. ಕದದ ಕೆಳ ಅಂಚಿಗೆ ಸ್ಕ್ರೂ ಹಾಕಿ ಕೂರಿಸುವ ಅಲ್ಯೂಮಿನಿಯಂ ಪಟ್ಟಿ ಸಿಗುತ್ತದೆ, ಅದರಡಿ ರಬ್ಬರ್ ನಾಲಿಗೆ ಇರುತ್ತದೆ. ಆ ನಾಲಿಗೆ ನೆಲಕ್ಕೆ ತಾಗಿಯೂ ತಾಗದಂತಿರಲಿ. ಎರಡು ಬದಿ ಸ್ಪಂಜಿನ ಕೊಳವೆ ಇರುವ, ಬಾಗಿಲ ಕೆಳಗೆ ತೂರಿಸುವ ಬಟ್ಟೆ ಕವಚ ಹೊರಬಾಗಿಲಿಗೆ ಲಾಯಕ್ಕಿಲ್ಲ. ಒಂದು ಜೋರು ಮಳೆಗೆ ನೆನೆದು ವಾರಗಟ್ಟಲೆ ಮುಗ್ಗಲು ವಾಸನೆ ಹೊಡೆಯುತ್ತದೆ.

ಸ್ಲೈಡಿಂಗ್ ಕಿಟಕಿ

ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗೆ ರಬ್ಬರ್ ಪಟ್ಟಿ ಅಲ್ಲ, ಬ್ರಷ್ ಪಟ್ಟಿ. ಹಳೆಯದನ್ನು ಅದು ಕೂತಿರುವ ತೋಡಿನಿಂದ ಇಕ್ಕಳದಲ್ಲಿ ಎಳೆದು ತೆಗೆದು, ಒಂದು ತುಂಡನ್ನು ಅಲ್ಯೂಮಿನಿಯಂ ಸೆಕ್ಷನ್ ಮಾರುವ ಅಂಗಡಿಗೆ ಒಯ್ಯಿರಿ. ಬುಡದ ಅಗಲ, ಕೂದಲಿನ ಎತ್ತರ ಎರಡೂ ಹೊಂದಬೇಕು. ಹಳೆಯದರ ಕೂದಲು ಸವೆದಿರುತ್ತದೆ, ಆದ್ದರಿಂದ ಎತ್ತರವನ್ನು ಕಿಟಕಿಯ ಮೂಲೆಯ ಸವೆಯದ ತುಂಡಿನಲ್ಲಿ ನೋಡಿ. ಕೂದಲಿನ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇರುವ ಬಗೆ ಸಿಕ್ಕರೆ ಅದನ್ನೇ ಕೊಳ್ಳಿ, ಎರಚಲನ್ನು ಚೆನ್ನಾಗಿ ತಡೆಯುತ್ತದೆ. ಕಿಟಕಿಯ ಗಾಜಿನ ಕದ ಎತ್ತಿ ತೆಗೆಯುವಾಗ ಇಬ್ಬರಿರಲಿ. ಮೇಲಿನ ಮಹಡಿಯಲ್ಲಿ ಗ್ರಿಲ್ ಇಲ್ಲದ ಕಿಟಕಿಯಾದರೆ ಕೆಲಸ ಬಲ್ಲವರನ್ನೇ ಕರೆಸಿ.

ಕಿಟಕಿ ಜಾರುವ ಕೆಳಹಳಿಯ ಹೊರಬದಿಯಲ್ಲಿ ಸಣ್ಣ ಸಣ್ಣ ಸೀಳುಗಳಿವೆ. ನೀರು ಬರುತ್ತಿರುವುದು ಅಲ್ಲಿಂದಲೇ ಎಂದು ಭಾವಿಸಿ ಸಿಲಿಕೋನ್ ತುಂಬಿ ಮುಚ್ಚುತ್ತಾರೆ. ದಯವಿಟ್ಟು ಮುಚ್ಚಬೇಡಿ. ಹಳಿಗೆ ಬಿದ್ದ ಮಳೆನೀರು ಹೊರಗೆ ಹರಿಯಲೆಂದೇ ಅವನ್ನು ಬಿಟ್ಟಿರುವುದು. ಮುಚ್ಚಿದರೆ ಹಳಿ ತುಂಬಿ ನೀರು ಮನೆಯೊಳಗೆ ಸುರಿಯುತ್ತದೆ. ಪೊರಕೆ ಕಡ್ಡಿಯಿಂದ ಆ ಸೀಳುಗಳ ಮಣ್ಣು ತೆಗೆದು, ಒಂದು ಲೋಟ ನೀರು ಹಾಕಿ ಹೊರಗೆ ಹರಿಯುತ್ತದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿದರೇ ಸೋರುವುದು ನಿಲ್ಲುತ್ತದೆ, ಪಟ್ಟಿ ಬದಲಿಸುವ ಕೆಲಸವೇ ಬರುವುದಿಲ್ಲ.

ಆಮೇಲೆ

ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ರಬ್ಬರ್ ಬಾಗಿಲಿನ ಬಣ್ಣಕ್ಕೆ ಮೆತ್ತಿಕೊಳ್ಳುತ್ತಿದ್ದರೆ ಸ್ವಲ್ಪ ಮೈಗೆ ಹಾಕುವ ಪೌಡರ್ ಸವರಿ. ಹಿಂಜಸ್‌ಗೆ ಮಷೀನ್ ಆಯಿಲ್ ಬಿಡುವಾಗ ಪಟ್ಟಿಗೆ ತಾಗದಂತೆ ಕೆಳಗೆ ಬಟ್ಟೆ ಹಿಡಿಯಿರಿ. ಬಿಸಿಲು ತಡೆಯುವ ಈ ರಬ್ಬರ್ ಪೆಟ್ರೋಲಿಯಂ ಎಣ್ಣೆಯನ್ನು ತಡೆಯುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಉಳಿದ ಸುರುಳಿಯನ್ನು ಎಸೆಯದೆ ಬಿಸಿಲು ಬೀಳದ ಕಡೆ ಇಡಿ. ಮೊದಲು ಹರಿಯುವುದು ಚಿಲಕದ ಹತ್ತಿರದ ಗೇಣುದ್ದ ಭಾಗ. ಅಷ್ಟನ್ನೇ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಬಹುದು.